ನಿಲ್ಲದೆ ಓಡುವ ಅಕ್ಷರಗಳು

ನೀರುಕಡ್ಡಿ ಗೊತ್ತಲ್ಲ ನಿಮಗೆ? ಮಳೆಗಾಲದಲ್ಲಿ ಹಳೆಯ ಗೋಡೆಗಳ ಬುಡದಲ್ಲಿ ಯಾರೂ ನೆಡದೆ ಏಳುವ, ದಂಟಿನೊಳಗೆ ಬೆಳಕು ಹಾಯುವಷ್ಟು ತೆಳುವಾದ ಗಿಡ. ಮುರಿದರೆ ಒಳಗಿಂದ ನೀರು ಜಿನುಗುತ್ತದೆ. ನಾವೆಲ್ಲ ಸ್ಲೇಟು ಒರೆಸಿದ್ದು ಅದರಲ್ಲೇ. ಮೊನ್ನೆ ಬನ್ನಂಜೆಯ ನನ್ನ ಮನೆಯ ಕಂಪೌಂಡಿನ ಬದಿಯಲ್ಲಿ ಕಳೆ ಕೀಳುತ್ತಿದ್ದಾಗ ಅಂಥ ಒಂದು ದಂಟು ಬೆರಳ ಸಂದಿಯಲ್ಲಿ ನಜ್ಜಿಹೋಯಿತು. ಎಳೆ ಸೌತೆಯ ವಾಸನೆ, ಒದ್ದೆ ಮಣ್ಣಿನ ವಾಸನೆ, ಅದರ ಹಿಂದೆಯೇ ನನ್ನ ಮೂಗಿಗೆ ಮಾತ್ರ ಬಂದ ಬಳಪದ ಪುಡಿಯ ವಾಸನೆ. ನಾನು ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತುಬಿಟ್ಟೆ. ಕಣ್ಣ ಮುಂದೆ ನನ್ನ ತಂಗಿ ವಾರಿಜ ಬಂದಳು. ಏಳು ವರ್ಷದವಳು, ಸ್ಲೇಟನ್ನು ಎದೆಗೆ ಒತ್ತಿಕೊಂಡು, ಯಾರಿಗೂ ಕಾಣದ ಹಾಗೆ ಉಜ್ಜುತ್ತಿದ್ದಾಳೆ. ಶಾಲೆಯಲ್ಲಿ ಎಲ್ಲರಿಗಿಂತ ಹೆಚ್ಚು ನೀರುಕಡ್ಡಿ ಖರ್ಚಾಗುತ್ತಿದ್ದದ್ದು ಅವಳಿಗೆ. ಉಳಿದವರು ಬರೆದದ್ದನ್ನು ಮಾಸ್ಟ್ರು ನೋಡಿದ ಮೇಲೆ ಒರೆಸುತ್ತಿದ್ದೆವು. ಅವಳು ನೋಡುವ ಮೊದಲೇ ಒರೆಸುತ್ತಿದ್ದಳು. ದಿನಾ ಅದನ್ನು ನೋಡುತ್ತಿದ್ದೆ. ನೋಡಿಯೂ ಅದು ಏನೆಂದು ನನಗೆ ತಿಳಿಯಲಿಲ್ಲ. ತಿಳಿಯುವ ಹೊತ್ತಿಗೆ ಕಡಲು ಅವಳನ್ನು ಒಮ್ಮೆ ಎಳೆದುಕೊಂಡಾಗಿತ್ತು.

ನಮ್ಮ ಮನೆ ಕಾಪುವಿನಲ್ಲಿ, ದೀಪಸ್ತಂಭದ ಬಂಡೆಗೆ ಬಡಗು ಬದಿಯಲ್ಲಿ, ಮರಳಿನ ಮೇಲೆಯೇ ಇತ್ತು. ಎಪ್ಪತ್ತರ ದಶಕದ ಮಾತು. ಹಂಚಿನ ಮಾಡು, ಸೆಗಣಿ ಸಾರಿಸಿದ ನೆಲ, ಜಗಲಿಯ ಉದ್ದಕ್ಕೂ ತೂಗುಹಾಕಿದ ಬಲೆ, ಅಂಗಳದಲ್ಲಿ ಸದಾ ಒಣಗುತ್ತಿದ್ದ ಮೀನು. ಎಲ್ಲಿಂದ ಬಂದರೂ ಮನೆಗೆ ನೂರು ಹೆಜ್ಜೆ ಇರುವಾಗಲೇ ಬೂತಾಯಿ ಮೀನಿನ ಎಣ್ಣೆಯ ವಾಸನೆ ಬಂದು ಕೈ ಹಿಡಿಯುತ್ತಿತ್ತು. ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿ ಇದ್ದರು. ವರ್ಷಕ್ಕೊಮ್ಮೆ ಬರುವ ನೆಂಟರ ಹಾಗೆ ಬಂದು ಹೋಗುತ್ತಿದ್ದರು. ಮನೆ ಅಜ್ಜಿಯದು, ಅಮ್ಮನ ಅಮ್ಮನದು. ಅಜ್ಜಿ ಬೆಳಿಗ್ಗೆ ಬುಟ್ಟಿ ಹೊತ್ತು ಮೀನು ಮಾರಲು ಹೋದರೆ ಮಧ್ಯಾಹ್ನ ದಾಟಿದ ಮೇಲೆ ಬರುತ್ತಿದ್ದರು, ಬಂದವರೇ ಮನೆಯ ಎಲ್ಲರಿಗೂ ಒಂದೊಂದು ಬೈಗುಳ ಹಂಚುತ್ತಿದ್ದರು. ಅವರ ನಂತರದ ಹಿರಿಯ ಎಂದರೆ ನಮ್ಮ ಮಾಮ, ಅಮ್ಮನ ಅಣ್ಣ. ತಾಯಿಯ ಕಡೆಯಿಂದ ಮನೆ ನಡೆಯುವ ನಮ್ಮಲ್ಲಿ ಮಕ್ಕಳಿಗೆ ಮಾಮನೇ ದೊಡ್ಡ ಜನ. ಹೆಸರಿಡುವುದು, ಮದುವೆ ಮಾತಾಡುವುದು, ವಿಜಯದಶಮಿಯ ದಿನ ಅಕ್ಕಿಯ ಹರಿವಾಣದಲ್ಲಿ ಮಗುವಿನ ಬೆರಳು ಹಿಡಿದು ಮೊದಲ ಅಕ್ಷರ ಬರೆಸುವುದು, ಎಲ್ಲ ಅವರದೇ ಹಕ್ಕು. ನನಗೆ ಆ ವರ್ಷ ಮಾಮ ಕಡಲಿನಿಂದ ಬರುವುದು ತಡವಾಗಿ, ಅಪ್ಪನೇ ಬೆರಳು ಹಿಡಿದಿದ್ದರಂತೆ. ವಾರಿಜಳಿಗೆ ಹಿಡಿದವರು ಮಾಮ. ಈ ಒಂದು ಸಣ್ಣ ವ್ಯತ್ಯಾಸ ನಮ್ಮ ಮನೆಯಲ್ಲಿ ಎಷ್ಟು ವರ್ಷ ಹೊಗೆಯಾಡಿತೆಂದು ಈಗ ನೆನೆದರೆ ನಗು ಬರುತ್ತದೆ, ಆಗ ಬರುತ್ತಿರಲಿಲ್ಲ.

ಮಾಮ ರಂಪಣಿಯವರು. ರಂಪಣಿ ಎಂದರೆ ಊರಿನಷ್ಟು ದೊಡ್ಡ ಬಲೆ. ದೋಣಿಯಲ್ಲಿ ಒಯ್ದು ಕಡಲಿನಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು ಬಂದು, ಎರಡು ತುದಿಯ ಹಗ್ಗಗಳನ್ನು ದಡದಿಂದ ಮೂವತ್ತು ಮೂವತ್ತು ಜನ ಎಳೆಯುತ್ತಿದ್ದರು. ಮೀನಿನ ರಾಶಿ ಎಲ್ಲಿ ಬಂದಿದೆಯೆಂದು ನೀರಿನ ಬಣ್ಣ ನೋಡಿ ಹೇಳುವುದರಲ್ಲಿ ಮಾಮನಿಗೆ ಸಮ ಇರಲಿಲ್ಲ. ದೀಪಸ್ತಂಭವನ್ನೂ ಹಿಂದಿನ ಗುಡ್ಡದ ಒಂದು ಮರವನ್ನೂ ಒಂದೇ ಗೆರೆಗೆ ತಂದು, ಕಡಲಿನಡಿಯ ಬಂಡೆ ಇಂಥಲ್ಲೇ ಇದೆ ಎಂದು ಹುಟ್ಟು ಊರಿ ತೋರಿಸುತ್ತಿದ್ದರು. ಆದರೆ ಅವರಿಗೆ ಕೆಲವು ವಿಚಿತ್ರ ಅಭ್ಯಾಸಗಳಿದ್ದವು. ಬೊಂಬಾಯಿಯ ಕಾಗದ ಬಂದರೆ ಕಣ್ಣು ಉರಿಯುತ್ತದೆಂದು ನನ್ನ ಕೈಗೆ ಕೊಡುತ್ತಿದ್ದರು. ಒಮ್ಮೆ ಓದಿಸಿದರೆ ಕಾಗದ ಪೂರ್ತಿ ಬಾಯಿಪಾಠ. ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡು ನೋಡುತ್ತಿರಲಿಲ್ಲ, ಬಸ್ಸಿನ ಬಣ್ಣ ನೋಡುತ್ತಿದ್ದರು, ಕಂಡಕ್ಟರನ ಮುಖ ನೋಡುತ್ತಿದ್ದರು. ಮೀನುಗಾರರ ಸೊಸೈಟಿಯಲ್ಲಿ ಅರ್ಜಿ ತುಂಬಬೇಕಾದ ದಿನ ಅವರ ಬಲಗೈಯ ಬೆರಳಿಗೆ ತಪ್ಪದೆ ಒಂದು ಬಟ್ಟೆಯ ಪಟ್ಟಿ ಬರುತ್ತಿತ್ತು. ಪಟ್ಟಿಯೊಳಗೆ ಗಾಯ ಇದ್ದದ್ದನ್ನು ನಾವು ಯಾರೂ ನೋಡಲಿಲ್ಲ. ಎಡ ಬಲ ಎಂಬ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ಆದರೆ ಅದು ನಮ್ಮ ಊರಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಉಣ್ಣುವ ಎಲೆಯ ಮೇಲಿನ ಉಪ್ಪನ್ನೂ ನಾವು ದಿಕ್ಕು ಹಿಡಿದು ತೆಂಕು ಬದಿಗೆ ಸರಿಸು ಎನ್ನುವವರು. ಹಾಗಾಗಿ ಆ ಗುರುತು ಯಾರಿಗೂ ಕಾಣಲಿಲ್ಲ. ಐದನೇ ಕ್ಲಾಸಿನವರೆಗೆ ಶಾಲೆಗೆ ಹೋದವರು ಅವರು. ಅಷ್ಟು ಹೋಗಿಯೂ ಓದಲು ಬರುವುದಿಲ್ಲ ಎಂದು ಯಾರು ಅಂದುಕೊಳ್ಳುತ್ತಾರೆ ಹೇಳಿ? ನಿಮ್ಮ ಮನೆಯಲ್ಲೂ ಕನ್ನಡಕ ಮರೆತು ಬಂದೆ ಎನ್ನುವ ಇಂಥ ಒಬ್ಬರು ಇದ್ದಿರಬಹುದು. ನೀವೂ ನಂಬಿರಬಹುದು.

ವಾರಿಜ ಮಾತಾಡಲು ತಡ ಮಾಡಿದಳು. ಮೂರು ವರ್ಷವಾದರೂ ಕೈ ತೋರಿಸಿಯೇ ಕೆಲಸ ನಡೆಸುತ್ತಿದ್ದಳು. ಮಾತು ಬಂದ ಮೇಲೆ ನಿಲ್ಲಿಸಲಿಲ್ಲ, ಕತೆ ಹೇಳಿದರೆ ಅಜ್ಜಿಯೂ ಬುಟ್ಟಿ ಕೆಳಗಿಟ್ಟು ಕೇಳುತ್ತಿದ್ದರು. ಆದರೆ ವಾರದ ಏಳು ದಿನಗಳನ್ನು ಸಾಲಾಗಿ ಹೇಳು ಎಂದರೆ ಬುಧವಾರ ಪ್ರತಿ ಸಲ ಎಲ್ಲೋ ಬಿದ್ದುಹೋಗುತ್ತಿತ್ತು. ಚಪ್ಪಾಳೆ ತಟ್ಟಿ ಹಾಡುವ ಶಿಶುಗೀತೆಯಲ್ಲಿ ಅವಳ ಕೈ ಒಂದು ಕಡೆ, ಪದ ಇನ್ನೊಂದು ಕಡೆ. ಡ್ರಿಲ್ಲಿನಲ್ಲಿ ಮಾಸ್ಟ್ರು ಎಡಕ್ಕೆ ತಿರುಗಿ ಎಂದರೆ ಪಕ್ಕದವಳ ಮೂಗಿಗೆ ಮೂಗು ತಾಗಿಸಿ ನಿಲ್ಲುತ್ತಿದ್ದಳು. ಒಂದು ಸಾಲಿನಲ್ಲಿ ಸರಿಯಾಗಿ ಓದಿದ ಪದ ಮುಂದಿನ ಸಾಲಿನಲ್ಲಿ ಬಂದರೆ ಮೊದಲ ಸಲ ನೋಡಿದವಳ ಹಾಗೆ ಬೆದರುತ್ತಿದ್ದಳು. ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತಿದ್ದಳು. ಪುಸ್ತಕ ಹಿಡಿದ ಸ್ವಲ್ಪ ಹೊತ್ತಿಗೆ ತಲೆನೋವು, ಹೊಟ್ಟೆನೋವು. ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಕಣ್ಣು ತೋರಿಸಿದೆವು. ಕಣ್ಣು ಗಿಡುಗನ ಕಣ್ಣು, ಏನೂ ತೊಂದರೆ ಇಲ್ಲ ಎಂದರು. ಮನೆ ಮಾತು ತುಳು, ಶಾಲೆಯ ಮಾತು ಕನ್ನಡ, ಅದಕ್ಕೇ ಹೀಗೆ ಎಂದರು ಮಾಸ್ಟ್ರು. ಹಾಗಿದ್ದರೆ ಅದೇ ಮನೆಯ ನನಗೆ ಏಕೆ ಬಂತು ಎಂದು ಯಾರೂ ಕೇಳಲಿಲ್ಲ. ಸೋಮಾರಿತನ ಎಂದರು ಅಮ್ಮ. ಅಜ್ಜಿ ಮಾತ್ರ ಖಚಿತವಾಗಿ ಹೇಳುತ್ತಿದ್ದರು, ಇದು ಬೆರಳು ಹಿಡಿದವನ ಕೈಗುಣ ಎಂದು. ಐದನೆಯದಕ್ಕೇ ಶಾಲೆ ಬಿಟ್ಟ ಕೈ ಹಿಡಿದರೆ ಅಕ್ಷರ ಹತ್ತುತ್ತದೆಯೇ? ಮಾಮ ಅದಕ್ಕೆ ಉತ್ತರ ಕೊಡುತ್ತಿರಲಿಲ್ಲ. ವಾರಿಜ ಪುಸ್ತಕ ತೆಗೆದರೆ ಎದ್ದು ಅಂಗಳಕ್ಕೆ ಹೋಗುತ್ತಿದ್ದರು. ನಾಲ್ಕನೆಯ ಕ್ಲಾಸಿನಲ್ಲಿ ಅವಳು ಒಂದು ವರ್ಷ ಫೇಲಾದಳು. ಇನ್ನೊಂದು ಸಲ ಫೇಲಾದರೆ ಶಾಲೆ ಸಾಕು, ಕಾರ್ಕಳದಲ್ಲಿ ಚಿಕ್ಕಮ್ಮನ ಮನೆಗೆ ಹೋಗಿ ಬೀಡಿ ಕಟ್ಟಲಿ ಎಂದು ಅಜ್ಜಿ ತೀರ್ಮಾನ ಮಾಡಿದರು. ಅಜ್ಜಿಯ ತೀರ್ಮಾನ ಎಂದರೆ ಮುಗಿಯಿತು. ಆ ದಿನದಿಂದ ವಾರಿಜ ನಗುವುದು ಕಡಿಮೆ ಮಾಡಿದಳು. ಶಾಲೆ ಅವಳಿಗೆ ನರಕವಾಗಿತ್ತು, ಆದರೂ ಅವಳಿಗೆ ಶಾಲೆ ಬೇಕಿತ್ತು. ಎರಡೂ ಒಟ್ಟಿಗೆ ನಿಜವಾಗಿರಬಹುದು ಎಂದು ನನಗೆ ಆಗ ಅರ್ಥವಾಗಲಿಲ್ಲ.

ಅವಳು ಐದನೆಯ ಕ್ಲಾಸಿನಲ್ಲಿ, ನಾನು ಅದೇ ಶಾಲೆಯ ಏಳನೆಯದರಲ್ಲಿ ಇದ್ದಾಗ ಇನ್‌ಸ್ಪೆಕ್ಟರು ಬಂದರು. ಮಳೆಗಾಲ ಮುಗಿದು ರಂಪಣಿ ಕಡಲಿಗಿಳಿದ ಹೊಸತು. ಇನ್‌ಸ್ಪೆಕ್ಷನ್ನಿಗೆ ಮೊದಲು ಯಾರು ಯಾವ ಪುಟ ಓದಬೇಕೆಂದು ಮಾಸ್ಟ್ರು ಹಂಚಿಕೊಡುವುದು ಪದ್ಧತಿ. ವಾರಿಜಳಿಗೆ ಒಂದು ಪುಟ ಬಂತು. ಅವಳು ನನ್ನ ಮುಂದೆ ಕುಳಿತು ಮೂರು ಸಂಜೆ ಅದನ್ನು ಓದಿಸಿಕೊಂಡಳು, ಉಸಿರು ಎಲ್ಲಿ ತೆಗೆಯುತ್ತೇನೆ ಎನ್ನುವುದನ್ನೂ ಬಿಡದೆ ಕಲಿತಳು. ಆ ದಿನ ಪುಸ್ತಕ ಹಿಡಿದು ನಿಂತು, ಕಣ್ಣು ಸಾಲಿನ ಮೇಲೆ ಸರಿಸುತ್ತ, ಎಷ್ಟು ಚಂದ ಓದಿದಳೆಂದರೆ ಇನ್‌ಸ್ಪೆಕ್ಟರು ಖುಷಿಯಾಗಿ ಎದ್ದು ಬಂದು, ತಾವೇ ಹಾಳೆ ಮಗುಚಿ, ಮುಂದಿನದನ್ನೂ ಓದು ಮಗು ಎಂದರು. ಅವಳು ಹೊಸ ಪುಟದ ಮೇಲೆ ಕಣ್ಣಿಟ್ಟಳು. ಆಮೇಲೆ ಅದೇ ಸ್ಪಷ್ಟ ಸ್ವರದಲ್ಲಿ ಹಿಂದಿನ ಪುಟವನ್ನೇ ಮೊದಲಿನಿಂದ ಹೇಳಲು ತೊಡಗಿದಳು. ಕ್ಲಾಸು ಹೊಟ್ಟೆ ಹಿಡಿದು ನಕ್ಕಿತು. ಇನ್‌ಸ್ಪೆಕ್ಟರು ಪುಸ್ತಕ ಮುಚ್ಚಿ ಹೋದರು. ಮಾಸ್ಟ್ರು ಕೆಟ್ಟವರಲ್ಲ, ಅವಮಾನಿತರಾಗಿದ್ದರು. ನನ್ನನ್ನು ಏಳನೆಯ ಕ್ಲಾಸಿನಿಂದ ಕರೆಸಿ, ತಂಗಿಯ ಪಕ್ಕದಲ್ಲಿ ನಿಲ್ಲಿಸಿ, ಒಂದೇ ಹೊಟ್ಟೆಯಲ್ಲಿ ಹುಟ್ಟಿದ್ದಲ್ವಾ, ನೀನು ಓದಿ ತೋರಿಸು ಇವಳಿಗೆ ಎಂದರು. ನಾನು ಓದಿದೆ. ತಡವರಿಸಬಹುದಿತ್ತು. ಬರುವುದಿಲ್ಲ ಎನ್ನಬಹುದಿತ್ತು. ಒಂದೇ ಒಂದು ತಪ್ಪು ಇಲ್ಲದೆ, ಸ್ವರ ಏರಿಸಿ ಇಳಿಸಿ ಓದಿದೆ, ಮುಗಿದಾಗ ಮಾಸ್ಟ್ರ ಮುಖ ನೋಡಿದೆ. ಅವಳ ಮುಖ ನೋಡಲಿಲ್ಲ.

ಮಧ್ಯಾಹ್ನದ ಗಂಟೆ ಹೊಡೆದಾಗ ಅವಳ ಚೀಲ ಬೆಂಚಿನ ಮೇಲಿತ್ತು, ಅವಳು ಇರಲಿಲ್ಲ. ಮನೆಗೆ ಹೋಗಿರುತ್ತಾಳೆ ಎಂದುಕೊಂಡೆ. ಮನೆಯಲ್ಲೂ ಇರಲಿಲ್ಲ. ಬಲೆಯ ಕೊಟ್ಟಿಗೆಯ ಹಿಂದೆ ಮುನಿಸಿಕೊಂಡು ಕುಳಿತಿರುತ್ತಾಳೆ ಎಂದುಕೊಂಡು ನಾನು ಗಂಜಿ ಉಂಡೆ. ಸುಟ್ಟ ಒಣಮೀನು ಇತ್ತು, ಅವಳ ಪಾಲನ್ನು ಮುಚ್ಚಿಟ್ಟೆ. ಆ ಹದಿನೈದು ನಿಮಿಷ ಈಗಲೂ ನನ್ನನ್ನು ಬಿಟ್ಟಿಲ್ಲ. ಬಸ್ಸಿಗೆ ಕಾಯುವಾಗ, ಹಾಲು ಉಕ್ಕುವುದನ್ನು ನೋಡುತ್ತಿರುವಾಗ ಅದು ಸದ್ದಿಲ್ಲದೆ ಮತ್ತೆ ಶುರುವಾಗುತ್ತದೆ: ನಾನು ಉಣ್ಣುತ್ತಿದ್ದೇನೆ, ಕೈ ತೊಳೆಯುತ್ತಿದ್ದೇನೆ, ಕಡಲು ಏರುತ್ತಿದೆ. ಕೈ ತೊಳೆದು ಅಂಗಳ ದಾಟಿ ನೋಡಿದರೆ ದೀಪಸ್ತಂಭದ ಬಂಡೆಯ ಕೆಳಗಿನ ಚಾಚಿನ ಮೇಲೆ ಅವಳ ನೀಲಿ ಲಂಗ ಕಂಡಿತು. ಇಳಿತದಲ್ಲಿ ಆ ಬಂಡೆಗೆ ಮರಳಿನ ಮೇಲೆ ನಡೆದೇ ಹೋಗಬಹುದು. ಭರತ ಬಂದರೆ ನಡುವೆ ನೀರು ನುಗ್ಗುತ್ತದೆ. ನೀರು ನುಗ್ಗಿಯಾಗಿತ್ತು. ಅವಳು ಬಂಡೆಯಿಂದ ಕೆಳಗಿಳಿದು ಆ ನೀರಿಗೆ ಕಾಲಿಟ್ಟಳು. ದಡಕ್ಕೆ ಬರಲೆಂದು ಇಳಿದಳೋ, ಬರಬಾರದೆಂದು ಇಳಿದಳೋ ನಾನು ಇವತ್ತಿನವರೆಗೆ ಕೇಳಿಲ್ಲ, ಅವಳು ಹೇಳಿಲ್ಲ. ಸೊಂಟದ ಮಟ್ಟದಲ್ಲಿ ಒಂದು ಅಲೆ ಅವಳ ಕಾಲನ್ನು ಕಿತ್ತಿತು. ನೀಲಿ ಲಂಗ ಒಮ್ಮೆ ಗುಳ್ಳೆಯ ಹಾಗೆ ಉಬ್ಬಿತು, ಮತ್ತೆ ಕಾಣಲಿಲ್ಲ.

ನನಗೆ ಕೂಗು ಬರಲಿಲ್ಲ. ಅಷ್ಟು ಚಂದ ಓದಿದ ಗಂಟಲು ಅದು. ಬಂಡೆಯಿಂದ ಸ್ವಲ್ಪ ದೂರದಲ್ಲಿ ರಂಪಣಿ ಎಳೆಯುತ್ತಿದ್ದರು. ಓಡಿ ಹೋಗಿ ಮಾಮನ ತೋಳು ಹಿಡಿದು ಕೈ ತೋರಿಸಿದೆ. ಅವರು ಮರಳ ಮೇಲೆ ಸುತ್ತಿಟ್ಟಿದ್ದ ಬಿಡಿ ಹಗ್ಗದ ತುದಿಯನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಲೇ ಓಡಿದರು. ಬಲೆ ತುಂಬ ಬೂತಾಯಿ ಇತ್ತು, ಆ ಹಂಗಾಮಿನ ಮೊದಲ ದೊಡ್ಡ ಬೇಟೆ. ಎಳೆಯುವ ಕೈ ಸಡಿಲಿಸಿದರೆ ಮೀನು ಹೋಯಿತು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಕೈ ಬಿಟ್ಟರು. ಬಡಗಿನ ಸಾಲಿನವರು, ತೆಂಕಿನ ಸಾಲಿನವರು, ಅರುವತ್ತು ಜನವೂ ಓಡಿ ಬಂದು ಮಾಮನ ಸೊಂಟದ ಹಗ್ಗ ಹಿಡಿದರು. ಮಾಮ ಎರಡು ಸಲ ಮುಳುಗಿ ಬರಿಗೈಯಲ್ಲಿ ಎದ್ದರು. ಮೂರನೆಯ ಸಲ ಅವರ ಕೈಯಲ್ಲಿ ಜಡೆ ಇತ್ತು. ಬಲೆ ಎಳೆಯುವಾಗ ಹಾಕುವ ಅದೇ ಹೇಲೆ ಕೂಗನ್ನು ಯಾರೋ ಶುರು ಮಾಡಿದರು, ಅದೇ ಲಯದಲ್ಲಿ ಇಬ್ಬರನ್ನೂ ದಡಕ್ಕೆ ಎಳೆದರು. ಬೋರಲು ಮಲಗಿಸಿ ಬೆನ್ನು ಒತ್ತಿದಾಗ ವಾರಿಜ ಉಪ್ಪುನೀರು ಕಾರಿದಳು, ಕೆಮ್ಮಿದಳು, ಆಮೇಲೆ ಅತ್ತಳು. ಅವಳು ಅತ್ತ ಮೇಲೆಯೇ ಯಾರೋ ಕಡಲ ಕಡೆಗೆ ನೋಡಿದ್ದು. ಬಲೆ ಜೋಲಿತ್ತು, ಮೀನು ಬೆಳ್ಳಿಯ ಹಾಗೆ ಹೊಳೆಯುತ್ತ ಹೊರಗೆ ಹರಿದು ಹೋಗುತ್ತಿತ್ತು. ಗುಂಪಿನ ಹಿರಿಯ ಸುಂದರಣ್ಣ ಸೊಂಟದ ಮೇಲೆ ಕೈಯಿಟ್ಟು ಅದನ್ನು ನೋಡಿ ಹೇಳಿದರು: "ಇವತ್ತು ಒಂದೇ ಬೂತಾಯಿ ಸಿಕ್ಕಿದ್ದು ಮಾರಾಯ. ಅದೂ ಜಡೆ ಇದ್ದದ್ದು." ಅಳುವವರೂ ನಕ್ಕರು. ಹೋದ ಮೀನಿನ ಬಗ್ಗೆ ಆ ದಿನವಾಗಲಿ ಆಮೇಲಾಗಲಿ ಬೇರೆ ಮಾತು ಬರಲಿಲ್ಲ.

ಮಾಮ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತರು. ಜನ ಚದುರಿದ ಮೇಲೆ, ಎಂತಕೆ ಮಗಾ ಎಂದು ಕೇಳಿದರು. ಶಾಲೆಯಲ್ಲಿ ಆದದ್ದನ್ನು ನಾನು ತಲೆ ತಗ್ಗಿಸಿ ಹೇಳಿದೆ, ನಾನು ಓದಿದ್ದನ್ನೂ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. ಆಗ ವಾರಿಜ ಕಣ್ಣು ಮುಚ್ಚಿಕೊಂಡೇ ಹೇಳಿದಳು.

"ಅಕ್ಷರ ನಿಲ್ಲುದಿಲ್ಲ ಮಾಮ. ಅಲೆ ಹಿಂದೆ ಹೋದ ಕೂಡಲೆ ಸಣ್ಣ ಏಡಿಗಳು ಓಡ್ತಾವಲ್ಲ, ಹಾಗೆ. ಒಂದನ್ನು ನೋಡುವಾಗ ಇನ್ನೊಂದು ಹೋಗಿ ಆಗಿರ್ತದೆ."

ಮಾಮನ ಕೈ ಅವಳ ತಲೆಯ ಮೇಲೆ ನಿಂತುಹೋಯಿತು. ಅವರ ಮುಖದಲ್ಲಿ ಆಗ ಕಂಡದ್ದನ್ನು ಇನ್ಯಾರ ಮುಖದಲ್ಲೂ ನಾನು ಕಂಡಿಲ್ಲ. ಪರದೇಶದಲ್ಲಿ ತನ್ನ ಭಾಷೆ ಕೇಳಿಸಿದವರ ಮುಖ ಹಾಗಿರುತ್ತದೋ ಏನೋ.

"ನಿನಗೂ?" ಎಂದರು.

ಆ ಸಂಜೆ ಅಜ್ಜಿಯ ಬಾಯಿ ನಿಲ್ಲಲಿಲ್ಲ. ಭಯಪಟ್ಟಿದ್ದರು, ಅದಕ್ಕೆ. ವಾರಿಜಳಿಗೆ ಬಿಸಿ ಕಾಳುಮೆಣಸಿನ ಕಷಾಯ ಕುಡಿಸುತ್ತ ಒಂದು ಕೈಯಲ್ಲಿ ಅವಳ ಪಾದ ತಿಕ್ಕುತ್ತ, ಮಗನಿಗೆ ಹೇಳಿದರು, ಎಲ್ಲ ನಿನ್ನ ಕೈಗುಣ, ನಾಳೆಯೇ ಇವಳನ್ನು ಕಾರ್ಕಳಕ್ಕೆ ಬಿಟ್ಟು ಬಾ. ಅಷ್ಟು ವರ್ಷ ಉತ್ತರ ಕೊಡದ ಮಾಮ ಅಂದು ಕೊಟ್ಟರು. "ನನ್ನ ಕೈಯಿಂದ ಹೋದದ್ದಾದ್ರೆ ನನ್ನ ಕೈಯಿಂದಲೇ ಬರಲಿ ಅಮ್ಮ. ಎರಡು ವರ್ಷ ಕೊಡಿ. ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಪಾಸಾಗದಿದ್ರೆ ನಾನೇ ಬಿಟ್ಟು ಬರ್ತೇನೆ." ಮರುದಿನ ಒಗೆದ ಅಂಗಿ ತೊಟ್ಟು, ನಮ್ಮಿಬ್ಬರ ಕೈ ಹಿಡಿದು ಶಾಲೆಗೆ ಬಂದರು. ಹೆಡ್‌ಮಾಸ್ಟ್ರ ಕೋಣೆಯಲ್ಲಿ ಕುರ್ಚಿ ಕೊಟ್ಟರೂ ಕುಳಿತುಕೊಳ್ಳಲಿಲ್ಲ. ಇದೇ ಶಾಲೆಯಲ್ಲಿ ಐದನೇ ಕ್ಲಾಸಿನವರೆಗೆ ಓದಿದ್ದೇನೆ, ನನಗೆ ಓದಲಿಕ್ಕೆ ಬರುವುದಿಲ್ಲ ಎಂದರು. ಬೆರಳಿನ ಪಟ್ಟಿಯ ವಿಷಯ, ಕಣ್ಣುರಿಯ ವಿಷಯ, ಬಸ್ಸಿನ ಬಣ್ಣದ ವಿಷಯ ಒಂದೊಂದಾಗಿ ಹೇಳಿದರು. ಬಾಗಿಲಲ್ಲಿ ವಾರಿಜಳ ಮಾಸ್ಟ್ರೂ ನಿಂತಿದ್ದರು, ನಾಲ್ಕು ಮಕ್ಕಳೂ ಇಣುಕುತ್ತಿದ್ದರು. ಮಾಮ ಸ್ವರ ತಗ್ಗಿಸಲಿಲ್ಲ. "ಪೆಟ್ಟು ತಿಂದಿದ್ದೇನೆ ಮಾಸ್ಟ್ರೇ, ಬೆಂಚಿನ ಮೇಲೆ ನಿಂತಿದ್ದೇನೆ. ಸೋಮಾರಿ ಆಗಿದ್ರೆ ಅದರಲ್ಲೇ ಸರಿ ಆಗ್ತಿತ್ತು. ಇದು ಬೇರೆ ಎಂತದೋ ಉಂಟು. ಇವಳಿಗೆ ಬಾಯಲ್ಲಿ ಕೇಳಿ ನೋಡಿ." ಹೆಡ್‌ಮಾಸ್ಟ್ರು ಮೂಗಿನ ತುದಿಯ ಕನ್ನಡಕ ತೆಗೆದು ವಾರಿಜಳನ್ನು ಹತ್ತಿರ ಕರೆದು ಕೇಳಿದರು. ನದಿಗಳನ್ನು ಕೇಳಿದರು, ಮುಂಗಾರು ಹೇಗೆ ಬರುತ್ತದೆ ಎಂದು ಕೇಳಿದರು, ಬಾಯಿಲೆಕ್ಕ ಕೇಳಿದರು. ಅವಳು ನಿಂತ ಹಾಗೆಯೇ ಹೇಳುತ್ತ ಹೋದಳು. ಹೊರಗೆ ಬರುವಾಗ ಅವಳ ಮಾಸ್ಟ್ರು ಮಾಮನ ಹತ್ತಿರ ಬಂದು, ಇನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿಸುವುದಿಲ್ಲ ಎಂದರು. ಕಾಯಿಲೆಯ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಾಯಿಲೆಯೇ ಅಲ್ಲ ಎನ್ನುವುದೂ ಗೊತ್ತಿರಲಿಲ್ಲ. ಒಬ್ಬ ಮನುಷ್ಯ ತಾನು ಬದುಕಿಡೀ ಅಡಗಿಸಿದ್ದನ್ನು ಒಂದು ಮಗುವಿಗಾಗಿ ಹಗಲಿನಲ್ಲಿ ಬಿಚ್ಚಿಟ್ಟದ್ದನ್ನು ಮಾತ್ರ ಎಲ್ಲರೂ ನೋಡಿದರು.

ಮರುದಿನದಿಂದ ನಮ್ಮ ಶಾಲೆ ಕಡಲ ದಡದಲ್ಲಿ. ಇಳಿತದ ಹೊತ್ತು ನೋಡಿಕೊಂಡು, ಒದ್ದೆ ಮರಳಿನಲ್ಲಿ ಮಾಮ ಹುಟ್ಟಿನ ಹಿಡಿಯಿಂದ ಗೆರೆ ಎಳೆಯುತ್ತಿದ್ದರು. ನಾನು ಪುಸ್ತಕ ಹಿಡಿದು ತಿದ್ದುತ್ತಿದ್ದೆ. ಒಂದೊಂದು ಅಕ್ಷರ ಒಂದೊಂದು ದೋಣಿಯಷ್ಟು ದೊಡ್ಡದು. ಸಣ್ಣದಾದರೆ ಓಡುತ್ತದೆ, ಇಷ್ಟು ದೊಡ್ಡದಾದರೆ ಎಲ್ಲಿಗೆ ಓಡ್ತದೆ ನೋಡುವಾ ಎನ್ನುತ್ತಿದ್ದರು. ವಾರಿಜ ಅದರ ಮೇಲೆ ನಡೆಯುತ್ತಿದ್ದಳು, ಹೆಸರನ್ನು ಗಟ್ಟಿಯಾಗಿ ಹೇಳುತ್ತ, ಎಲ್ಲಿ ತಿರುವು, ಎಲ್ಲಿ ಕೊಂಬು ಎಂದು ಕಾಲಿನಿಂದ ಕಲಿಯುತ್ತ. ಅವಳ ಹಿಂದೆ ಮಾಮ, ನಲುವತ್ತೈದರ ಗಂಡಸು, ಮುಂಡು ಮೇಲೆ ಕಟ್ಟಿ, ಅದೇ ಅಕ್ಷರದ ಮೇಲೆ. ಇಡೀ ಕಾಪು ಬಂದು ನೋಡಿತು. ಸೈಕಲ್ಲಿನಲ್ಲಿ ಮೀನು ಒಯ್ಯುವ ಅದ್ದು ಬ್ಯಾರಿ ಪೆಟ್ಟಿಗೆ ಇಳಿಸಿ ನಿಂತು, ಮೀನು ಬಿಟ್ಟು ಅಕ್ಷರ ಹಿಡಿಯುದಾ ಮಾರಾಯ, ಕಿಲೋಗೆ ಎಷ್ಟು ಎಂದು ಕೇಳಿದರು. "ಇದಕ್ಕೆ ಐಸ್ ಬೇಡ ಬ್ಯಾರಿಗಳೇ, ನಾಳೆಗೂ ಹಾಳಾಗುದಿಲ್ಲ" ಎಂದರು ಮಾಮ. ಹಾಳಾಗದೆ ಇರುತ್ತಿರಲಿಲ್ಲ. ನಿನ್ನೆ ಕಲಿತದ್ದು ಇಂದು ಹೋಗಿರುತ್ತಿತ್ತು, ಮತ್ತೆ ಬರೆಯುತ್ತಿದ್ದೆವು, ಮತ್ತೆ ನಡೆಯುತ್ತಿದ್ದೆವು. ಅಕ್ಷರದಿಂದ ಪದಕ್ಕೆ ಬರಲು ಒಂದು ವರ್ಷ ಹಿಡಿಯಿತು. ಮಳೆಗಾಲದಲ್ಲಿ ಕಡಲು ಅಂಗಳದವರೆಗೆ ಬಂದಾಗ ಜಗಲಿಯ ನೆಲದಲ್ಲಿ ಒದ್ದೆ ಬೆರಳಿನಿಂದ ಬರೆದೆವು. ಪಾಠವನ್ನು ನಾನು ಓದುತ್ತಿದ್ದೆ, ಅವಳು ಕೇಳಿ ಕಲಿಯುತ್ತಿದ್ದಳು. ಉತ್ತರ ಬರೆಯುವಷ್ಟು ಕೈಯನ್ನು ಮಾತ್ರ ನಾವು ಮೂವರು ಸೇರಿ ಕಡಲಿನಿಂದ ಕಿತ್ತು ತಂದೆವು. ಏಳನೆಯ ಕ್ಲಾಸಿನ ಫಲಿತಾಂಶದ ದಿನ ಅವಳು ನಮ್ಮನ್ನು ಗೇಟಿನ ಹೊರಗೇ ನಿಲ್ಲಿಸಿ ಒಬ್ಬಳೇ ಹೋದಳು. ಹಾಳೆಯ ಮುಂದೆ ಬಹಳ ಹೊತ್ತು ನಿಂತಳು. ಮಾಮ ಬೀಡಿಯನ್ನು ಹಚ್ಚದೆ ಕಚ್ಚಿ ತುಂಡು ಮಾಡಿದ್ದರು. ತಿರುಗಿ ಬಂದವಳು ಎರಡು ಸಲ ಓದಿ ನೋಡಿದೆ, ಅದಕ್ಕೆ ತಡ ಆಯಿತು, ಪಾಸು ಎಂದಳು. ಅಜ್ಜಿ ಆ ದಿನ ಬುಟ್ಟಿಯ ಅತ್ಯುತ್ತಮ ಅಂಜಲ್ ಮೀನನ್ನು ಮಾರದೆ ಮನೆಗೆ ತಂದರು. ಕಾರ್ಕಳದ ಮಾತು ಮತ್ತೆ ಎತ್ತಲಿಲ್ಲ.

ಎಂಬತ್ತರ ಆರಂಭದ ವರ್ಷಗಳಲ್ಲಿ ನಾನು ಉಡುಪಿಯಲ್ಲಿ ಡಿಗ್ರಿ ಮುಗಿಸಿ ಟೀಚರ್ ತರಬೇತಿಯಲ್ಲಿದ್ದೆ. ಒಂದು ಮಧ್ಯಾಹ್ನ ಮಣಿಪಾಲದಲ್ಲಿ ಮಕ್ಕಳ ಡಾಕ್ಟರೊಬ್ಬರು ನಮಗೆ ಪಾಠ ಮಾಡಲು ಬಂದರು. ಬೋರ್ಡಿನ ಮೇಲೆ ಡಿಸ್ಲೆಕ್ಸಿಯಾ ಎಂದು ಬರೆದು ಮಾತಾಡತೊಡಗಿದರು. ಮಾತು ತಡವಾಗುವ ಮಗು, ದಿನಗಳ ಸಾಲು ತಪ್ಪುವ ಮಗು, ಪ್ರಾಸಕ್ಕೆ ಕಿವಿ ಹೊಂದದ ಮಗು, ಬುದ್ಧಿ ಚುರುಕಿದ್ದೂ ಓದಲು ಕುಳಿತರೆ ಹೊಟ್ಟೆ ನೋಯುವ ಮಗು. ದೊಡ್ಡವರಾದರೆ, ಎಂದರು ಅವರು, ಅಡಗಿಸುವುದನ್ನು ಕಲಿತಿರುತ್ತಾರೆ. ಗಟ್ಟಿಯಾಗಿ ಓದುವ ಜಾಗದಿಂದ ಎದ್ದು ಹೋಗುತ್ತಾರೆ, ಅರ್ಜಿಯನ್ನು ಬೇರೆಯವರಿಂದ ತುಂಬಿಸುತ್ತಾರೆ, ಎಲ್ಲವನ್ನೂ ನೆನಪಿನಲ್ಲಿ ಇಟ್ಟುಕೊಳ್ಳುತ್ತಾರೆ. ಬುದ್ಧಿಯ ಕೊರತೆಯಲ್ಲ, ಕಣ್ಣಿನ ದೋಷವಲ್ಲ, ಸೋಮಾರಿತನವಲ್ಲ. ಬೇಗ ಗುರುತಿಸಿದಷ್ಟೂ ದಾರಿ ಹಗುರ, ತಡವಾದರೂ ದಾರಿ ಮುಚ್ಚಿಲ್ಲ. ನನ್ನ ಪೆನ್ನು ಆಗಲೇ ನಿಂತಿತ್ತು. ಕಾಪುವಿನ ನಮ್ಮ ಜಗಲಿಯನ್ನು ಯಾರೋ ಪರಿಚಯವಿಲ್ಲದವರು ಬೋರ್ಡಿನ ಮೇಲೆ ಬರೆಯುತ್ತಿದ್ದಾರೆ ಅನ್ನಿಸಿತು. ಮನೆತನದಲ್ಲಿ ಹರಿದು ಬರುವುದುಂಟು ಎಂದಾಗ ಎದ್ದು ನಿಂತುಬಿಟ್ಟೆ. ಏನು ಕೇಳಬೇಕು ಎಂದರು. ಏನೂ ಇಲ್ಲ ಎಂದು ಕುಳಿತೆ. ಅಂದೇ ಬಸ್ಸು ಹಿಡಿದು ಕಾಪುವಿಗೆ ಹೋದೆ. ಮಾಮ ಜಗಲಿಯಲ್ಲಿ ನೈಲಾನ್ ಬಲೆ ಸರಿಮಾಡುತ್ತಿದ್ದರು. ರಂಪಣಿ ನಿಂತುಹೋಗಿತ್ತು, ಯಂತ್ರದ ದೋಣಿಗಳು ಹೊರಗಿನಿಂದಲೇ ಮೀನು ಒಯ್ಯುತ್ತಿದ್ದವು. ಇದಕ್ಕೆ ಹೆಸರುಂಟು ಮಾಮ, ಇದು ಕೈಗುಣ ಅಲ್ಲ, ರಕ್ತದಲ್ಲಿ ಬಂದದ್ದು ಎಂದು ಹೇಳಿದೆ. ಅವರು ತಮ್ಮ ಬಲಗೈಯನ್ನು ಮಗುಚಿ ಮಗುಚಿ ನೋಡಿದರು, ಬೇರೆ ಯಾರದೋ ಕೈ ಎನ್ನುವ ಹಾಗೆ. ಆಮೇಲೆ ಒಳಗಿದ್ದ ಅಜ್ಜಿಯ ಕಡೆ ಕಣ್ಣು ಹೊಡೆದು, ಹಾಗಾದ್ರೆ ಯಾರ ಕಡೆಯಿಂದ ಬಂದದ್ದು ಅಂತ ಅಮ್ಮನಿಗೆ ಹೇಳುದಾ ಎಂದರು. ಅಜ್ಜಿಗೆ ಕೇಳಿಸಿತ್ತು. "ನನ್ನನ್ನು ಶಾಲೆಗೆ ಕಳಿಸಿದ್ರೆ ಅಲ್ವಾ ಗೊತ್ತಾಗುದು" ಎಂದರು ಒಳಗಿನಿಂದಲೇ. ನಾವು ನಗಲು ಹೊರಟವರು ನಗಲಿಲ್ಲ.

ಆ ಮನೆ ಈಗ ಇಲ್ಲ. ಕಡಲು ಒಂದೊಂದು ಮಳೆಗಾಲಕ್ಕೆ ಒಂದೊಂದು ತೆಂಗನ್ನು ಕೆಡವುತ್ತ ಬಂದು, ಕೊನೆಗೆ ಜಗಲಿಯನ್ನೂ ತೆಗೆದುಕೊಂಡಿತು. ಇದ್ದ ಜಾಗದಲ್ಲಿ ಈಗ ಕರಿಬಂಡೆಗಳ ತಡೆ ಇದೆ. ಅಜ್ಜಿ ಅದಕ್ಕೆ ಮೊದಲೇ ಹೋದರು. ಮಾಮ ಎಂಬತ್ತರ ದಶಕ ಮುಗಿಯುವ ಮೊದಲು, ಎದೆಯ ಕಾಯಿಲೆಯಿಂದ ಮಣಿಪಾಲದ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಮಲಗಿದರು. ವಾರಿಜ ಆಗ ಅಂಬಲಪಾಡಿಯ ಒಂದು ಫೋಟೋ ಸ್ಟುಡಿಯೊದಲ್ಲಿದ್ದಳು. ಎಸ್ಸೆಸ್ಸೆಲ್ಸಿ ಎರಡನೆಯ ಯತ್ನದಲ್ಲಿ ಮುಗಿಸಿ, ನೆಗೆಟಿವ್ ತಿದ್ದುವ ಕೆಲಸ ಕಲಿತಿದ್ದಳು. ಕೂದಲೆಳೆಯಷ್ಟು ಗೀರನ್ನೂ ಹುಡುಕುವ ಅವಳ ಕಣ್ಣನ್ನು ಉಡುಪಿಯ ಸ್ಟುಡಿಯೊಗಳಲ್ಲಿ ಎಲ್ಲರೂ ಬಲ್ಲರು. ಕೆಲಸ ಮುಗಿಸಿ ದಿನಾ ಸಂಜೆ ಆಸ್ಪತ್ರೆಗೆ ಬರುತ್ತಿದ್ದಳು. ಒಂದು ಸಂಜೆ ನಾನು ಹೋದಾಗ ಅವಳು ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತು ಪೇಪರ್ ಬಿಡಿಸಿಕೊಂಡಿದ್ದಳು. ಅದು ಹದಿನಾರು ಮಂಚಗಳ ವಾರ್ಡು, ಎಲ್ಲ ಮಂಚಗಳ ಸುತ್ತ ಜನ. ಅವಳು ಸಾಲಿನ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದಳು. ನಿಧಾನ, ಬಹಳ ನಿಧಾನ. ಒಂದು ಪದದಲ್ಲಿ ಎಡವಿ, ಹಿಂದೆ ಹೋಗಿ, ಮತ್ತೆ ಬಂದಳು. ಪಕ್ಕದ ಮಂಚದವರ ಮಾತು ನಿಂತಿತು. ಯಾರೋ ತಿರುಗಿ ನೋಡಿದರು. ಅವಳು ತಲೆ ಎತ್ತಲಿಲ್ಲ, ಸ್ವರವನ್ನೂ ತಗ್ಗಿಸಲಿಲ್ಲ. ಒಂದು ಉದ್ದದ ಒತ್ತಕ್ಷರದ ಪದ ಬಂತು, ಬೆರಳು ನಿಂತಿತು. ಆ ಪದ ನನಗೆ ಸ್ಟೂಲಿನ ಹಿಂದಿನಿಂದಲೇ ಕಾಣುತ್ತಿತ್ತು, ನಾಲಿಗೆಯ ತುದಿಗೂ ಬಂದಿತ್ತು. ಮಾಮ ದಿಂಬಿನ ಮೇಲಿಂದ ನನ್ನ ಕಡೆ ನೋಡಿದರು. ನಾನು ಬಾಯಿ ಮುಚ್ಚಿಕೊಂಡು ಕಾದೆ. ಅವರು ಕಾದರು. ಏನೆಂದು ತಿಳಿಯದೆ ಇಡೀ ವಾರ್ಡು ಕಾಯಿತು. ಅವಳು ಆ ಪದವನ್ನು ಮೂರು ತುಂಡು ಮಾಡಿ, ಮೂರನ್ನೂ ಜೋಡಿಸಿ, ಹೇಳಿದಳು.

ಮಾಮ ಕಣ್ಣು ಮುಚ್ಚಿ, ಮುಂದೆ ಎಂದರು.

ಅವಳು ಆ ಪುಟವನ್ನು ಮುಗಿಸುವ ಹೊತ್ತಿಗೆ ಕಿಟಕಿಯ ಹೊರಗೆ ಮಣಿಪಾಲದ ಗುಡ್ಡದ ಕೆಳಗೆ, ದೂರದಲ್ಲಿ, ಕಡಲಿನ ಮೇಲೆ ಬೆಳಕು ಇಳಿದಿತ್ತು. ಅದು ಅವರು ಕೇಳಿದ ಕೊನೆಯ ಪೇಪರು. ಅದರಲ್ಲಿ ಏನು ಸುದ್ದಿ ಇತ್ತೆಂದು ನನಗೆ ಒಂದೂ ನೆನಪಿಲ್ಲ.